ಕ್ರಾಫ್ಟ್ ಟೀಚರ್ ಕೊಟ್ಟ ನೂಲು

ಹೋದ ತಿಂಗಳು ಪಕ್ಕದ ಮನೆಯವರು ಹೊಸ ಕೈಮಗ್ಗದ ಸೀರೆಯೊಂದನ್ನು ಮೊದಲ ಸಲ ನೀರಿಗೆ ಹಾಕಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ತಂತಿಯ ಮೇಲೆ ಹರವಿದ್ದರು. ಬಿಸಿಲು ಏರಿದ ಹಾಗೆ ಗಂಜಿಯ ವಾಸನೆ ಒಳಗೆ ಬಂತು. ಒದ್ದೆ ಅಕ್ಕಿಯ, ಸ್ವಲ್ಪ ಹುಳಿ ಹಿಡಿದ ವಾಸನೆ. ಒಗ್ಗರಣೆ ಸೀದುಹೋಗುವವರೆಗೂ ನಾನು ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಸೇಲಂನಲ್ಲಿ ಹುಟ್ಟಿ ಬೆಳೆದವಳಿಗೆ ಗಂಜಿಯ ವಾಸನೆ ಹೊಸದೇನಲ್ಲ, ಮಗ್ಗದವರ ಅಮ್ಮಾಪೇಟೆಯ ಯಾವ ಬೀದಿಗೆ ಹೋದರೂ ಅದೇ. ಆದರೆ ನನ್ನ ಮಟ್ಟಿಗೆ ಅದು ಒಬ್ಬರದೇ ವಾಸನೆ. ನಮ್ಮ ಶಾಲೆಯ ಕ್ರಾಫ್ಟ್ ಟೀಚರದು. ಸ್ಟಾಫ್ ರೂಮಿನಲ್ಲಿ ಅವರು ನನ್ನ ಪಕ್ಕ ಕೂತರೆ ನಾನು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಳ್ಳುತ್ತಿದ್ದೆ.

ಅದಾದ ಮೂರನೆಯ ದಿನ ಅವರ ಸುದ್ದಿ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಆರರಿಂದ ಎಂಟನೇ ಕ್ಲಾಸಿನವರಿಗೆ ಸೈನ್ಸ್ ಹೇಳುತ್ತಿದ್ದೆ. ಬಾಟನಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಶಾಲೆಯ ನೇಚರ್ ಕ್ಲಬ್ ನನ್ನ ಕೈಯಲ್ಲಿತ್ತು. ಮನೆಮಾತು ಕನ್ನಡ. ಅಪ್ಪ ರೈಲ್ವೆ ಆಫೀಸಿನಲ್ಲಿದ್ದವರು, ಶಾಲೆಯಲ್ಲಿ ಸಿಗದ ಅಕ್ಷರವನ್ನು ಮನೆಯಲ್ಲೇ ಹಲಗೆ ಬಳಪ ಇಟ್ಟು ತಿದ್ದಿಸಿದ್ದರು. ನಮ್ಮದು ಓದಿದವರ ಕನ್ನಡ, ಮಗ್ಗದವರ ಕನ್ನಡ ಅಲ್ಲ ಅನ್ನುವ ಜಂಬ ನನಗೆ ಚಿಕ್ಕಂದಿನಿಂದಲೂ ಇತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ಇಷ್ಟೆಲ್ಲ ಜಂಬ ಇದ್ದವಳ ಮಗಳು ಕನ್ನಡದ ಒಂದು ಮಾತೂ ಆಡುತ್ತಿರಲಿಲ್ಲ. ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ‘ಊಟ ಮಾಡಿದೆಯಾ’ ಅಂದರೆ ‘ಸಾಪ್ಟೇನ್’. ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ಅಪ್ಪನ ಅದೇ ಹಲಗೆ ಕೊಟ್ಟು ನೋಡಿದೆ. ಹಲಗೆಯ ಮೇಲೆ ಅವಳು ತಮಿಳಿನಲ್ಲಿ ತನ್ನ ಹೆಸರು ಬರೆದುಕೊಂಡು ಕೂತಳು.

ಕ್ರಾಫ್ಟ್ ಟೀಚರ್ ಆ ವರ್ಷವೇ ಬಂದವರು. ಐದಡಿ ಎತ್ತರವಿಲ್ಲ, ತೆಳ್ಳಗೆ, ಯಾವಾಗಲೂ ಬೆಳಿಗ್ಗೆಯೇ ಗಂಜಿ ಹಾಕಿದಂತಿರುವ ಸೀರೆ. ಮದುವೆಯಾಗಿರಲಿಲ್ಲ. ತಲೆತಲಾಂತರದಿಂದ ಸೇಲಂನಲ್ಲೇ ಇರುವ ಕನ್ನಡದ ನೇಕಾರರ ಮನೆಯವರು, ಅಣ್ಣನ ಮಗ್ಗ ಇನ್ನೂ ಓಡುತ್ತಿತ್ತು. ಬೆಳಿಗ್ಗೆ ಎರಡು ಗಂಟೆ ರೇಷ್ಮೆ ನೂಲಿನ ಕೆಲಸ ಮಾಡಿ ಶಾಲೆಗೆ ಬರುತ್ತಿದ್ದರು. ನಾನು ಕನ್ನಡದವಳು ಅಂತ ತಿಳಿದ ದಿನ ಅವರ ಮುಖ ಅರಳಿದ್ದು ನೆನಪಿದೆ. ‘ನಮ್ಮವರೇನಾ ನೀವು? ಯೋಳಲೇ ಇಲ್ವಲ್ಲ!’ ಅಂದರು. ನಾನು ತಮಿಳಿನಲ್ಲೇ ‘ಆಮಾ ಟೀಚರ್’ ಅಂತ ಹೌದೆಂದು ಪುಸ್ತಕ ತೆರೆದೆ.

ಆ ವರ್ಷದ ಮೊದಲ ಟ್ರಿಪ್ ಏರ್ಕಾಡಿಗೆ. ಹೆಣ್ಣುಮಕ್ಕಳು ಜಾಸ್ತಿ ಇದ್ದಾರೆ, ಇನ್ನೊಬ್ಬ ಲೇಡಿ ಸ್ಟಾಫ್ ಜೊತೆಗಿರಲಿ ಅಂತ ಹೆಡ್‌ಮಿಸ್ಟ್ರೆಸ್ ಇವರನ್ನು ಕಳಿಸಿದರು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವವರಿಗೆ ಕವರ್ ಹಿಡಿಯುವುದು ಅವರ ಕೆಲಸ, ಮಿಕ್ಕದ್ದೆಲ್ಲ ನನ್ನದು. ನಾನು ಮೂವತ್ತು ಗಿಡಗಳ ಹೆಸರು ಟೈಪ್ ಮಾಡಿಸಿ, ಪಕ್ಕದಲ್ಲಿ ಚೌಕ ಹಾಕಿ, ಒಬ್ಬೊಬ್ಬರಿಗೂ ಒಂದು ಶೀಟು ಕೊಟ್ಟಿದ್ದೆ. ಕಂಡ ಗಿಡಕ್ಕೆ ಟಿಕ್ ಹಾಕಬೇಕು. ಕೊರಳಲ್ಲಿ ವಿಸಿಲ್ ಬೇರೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳೆಲ್ಲ ಒಬ್ಬನ ಶೀಟು ನೋಡಿ ಇನ್ನೊಬ್ಬ ಟಿಕ್ ಹಾಕಿ ಮುಗಿಸಿ, ಕಾಫಿ ತೋಟದ ಬೇಲಿಯ ಹತ್ತಿರ ಬಾಟಲಿ ಎಸೆದಾಡುತ್ತಿದ್ದರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು.

ಆಗ ಕ್ರಾಫ್ಟ್ ಟೀಚರ್ ತಮ್ಮ ಬಟ್ಟೆ ಚೀಲ ತೆರೆದರು. ಅದರ ತುಂಬ ನೂಲು. ಸೀರೆ ನೇಯ್ದು ಕತ್ತರಿಸಿಕೊಂಡ ಮೇಲೆ ಮಗ್ಗದಲ್ಲಿ ಉಳಿಯುವ ಉದ್ದೆಳೆಯ ತುದಿಗಳು. ಬೆರಳನ್ನು ಬೂದಿಗೆ ಅದ್ದಿ ಆ ಚಿಕ್ಕ ತುದಿಗಳನ್ನು ಒಂದಕ್ಕೊಂದು ಹೊಸೆದು, ನಾಲ್ಕೈದು ಎಳೆ ಸೇರಿಸಿ, ಒಂದೊಂದು ಮಾರು ಉದ್ದ ಮಾಡಿಟ್ಟಿದ್ದರು. ಗಂಟೇ ಕಾಣುತ್ತಿರಲಿಲ್ಲ. ಒಬ್ಬೊಬ್ಬ ಮಗುವಿಗೂ ಒಂದೊಂದು ಬಣ್ಣ ಕೊಟ್ಟು, ನೆಲದ ಮೇಲೆ ದುಂಡಗೆ ಇಡಲು ಹೇಳಿದರು. ಅಷ್ಟು ನೆಲ ಮಾತ್ರ ನಿಮ್ಮದು, ಅದರೊಳಗೆ ಏನೇನಿದೆ, ಯಾರು ಬರುತ್ತಾರೆ, ಯಾರು ಹೋಗುತ್ತಾರೆ ನೋಡಿ, ನಾನು ಕೈ ತಟ್ಟುವವರೆಗೂ ಮಾತಾಡಬೇಡಿ. ಇಷ್ಟೇ.

ಮಕ್ಕಳು ಕೂತರು! ಅರ್ಧ ಗಂಟೆ ಕೂತರು. ನನ್ನ ವಿಸಿಲಿಗೆ ಕ್ಯಾರೇ ಅನ್ನದ ಪೋಕರಿಗಳು ಮೂಗು ನೆಲಕ್ಕೆ ತಾಗುವ ಹಾಗೆ ಬಗ್ಗಿ ಕೂತಿದ್ದರು. ಮುಗಿದ ಮೇಲೆ ಒಬ್ಬೊಬ್ಬರಿಗೂ ಹೇಳುವುದಕ್ಕೆ ಅಷ್ಟೊಂದು ಇತ್ತು. ಸತ್ತ ಜೀರುಂಡೆಯ ರೆಕ್ಕೆಯನ್ನು ಮೂರು ಇರುವೆಗಳು ಎಳೆದ ಕತೆ, ಕಾಫಿ ಎಲೆಯ ಅಡಿಯಲ್ಲಿ ಬಿಳಿ ಮೊಟ್ಟೆಗಳ ಸಾಲು... ಎಲ್ಲರೂ ನೂಲನ್ನು ಹೆಬ್ಬೆರಳು ಕಿರುಬೆರಳಿಗೆ ಸುತ್ತಿ ತಂದು ಚೀಲಕ್ಕೆ ಹಾಕಿದರು. ಅವರು ಎಣಿಸಲಿಲ್ಲ. ‘ಟೀಚರ್, ಎಣಿಸಿಕೊಳ್ಳಿ’ ಅಂದೆ ನಾನು. ಅವರಿಗೆ ನಗು ಬಂತು.

‘ನೂಲ ಯಾರಾನಾ ಬಿಸಾಕ್ತಾರಾ ಮೇಡಂ?’

ಅವರ ಮನೆಯಲ್ಲಿ ಯಾರೂ ಬಿಸಾಕುವುದಿಲ್ಲ, ಅದು ನಿಜ. ನೂಲು ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಜನ. ಲೋಕವೆಲ್ಲ ಹಾಗೇ ಅಂದುಕೊಂಡಿದ್ದರು.

ಇಳಿಯುವಾಗ ಬಸ್ಸಿನಲ್ಲಿ ಹುಡುಗಿಯರೆಲ್ಲ ಅವರ ಸುತ್ತ. ನನ್ನ ಮಗಳು ಅವರ ತೊಡೆಗೆ ಒರಗಿಕೊಂಡೇ ಕೂತಿದ್ದಳು. ನಾನು ಮುಂದಿನ ಸೀಟಿನಲ್ಲಿ ಮೂವತ್ತು ಗಿಡಗಳ ಶೀಟುಗಳನ್ನು ಜೋಡಿಸುತ್ತಿದ್ದೆ. ಹಿಂದಿನಿಂದ ನಗು ಕೇಳಿದಾಗಲೆಲ್ಲ ಜೋಡಿಸಿದ್ದನ್ನು ಕೆದರಿ ಮತ್ತೆ ಜೋಡಿಸುತ್ತಿದ್ದೆ.

ಎರಡನೆಯ ಟ್ರಿಪ್ ಹೊಗೆನಕಲ್ಲಿಗೆ. ಈ ಸಲ ಮಕ್ಕಳೇ ಹೋಗಿ ಹೆಡ್‌ಮಿಸ್ಟ್ರೆಸ್ಸನ್ನು ಕೇಳಿದ್ದರು, ಕ್ರಾಫ್ಟ್ ಮಿಸ್ ಬರಲೇಬೇಕು ಅಂತ. ಹರಿಗೋಲಿನವನು ನಮ್ಮ ಕಡೆಯ ಕನ್ನಡದವನೇ. ಟೀಚರ್ ಅವನ ಜೊತೆ ಮೀನಿನ ವಿಷಯ, ಸುಳಿಯ ವಿಷಯ ಮಾತಿಗೆ ಇಳಿದರು. ಮಗಳು ಅವರಿಬ್ಬರ ಬಾಯಿ ನೋಡುತ್ತಾ ಕೂತಿದ್ದಳು. ದಡಕ್ಕೆ ಬಂದ ಮೇಲೆ ಬಂಡೆಯ ಸಂದಿನಲ್ಲಿ ಏನೋ ಕಂಡು ನನ್ನನ್ನು ಕರೆದಳು.

‘ಅಮ್ಮಾ, ಬಾ ಇಲ್ಲಿ. ಒಂದು ಉಳ ಐತೆ.’

ಹನ್ನೆರಡು ವರ್ಷಕ್ಕೆ ನನ್ನ ಮಗಳ ಬಾಯಲ್ಲಿ ಬಂದ ಮೊದಲ ಕನ್ನಡ. ನಾನು ಓಡಿಹೋಗಿ ತಬ್ಬಿಕೊಳ್ಳಬೇಕಿತ್ತು. ತಬ್ಬಿಕೊಳ್ಳಲಿಲ್ಲ. ಉಳ ಅಲ್ಲ, ಹುಳ. ಐತೆ ಅಲ್ಲ, ಇದೆ. ಹಾಗಂದೆ. ಮಕ್ಕಳೆಲ್ಲ ನಕ್ಕರು. ಅವಳು ನನ್ನ ಮುಖ ಒಂದು ಕ್ಷಣ ನೋಡಿ, ಎದ್ದು, ಆ ಹುಳುವನ್ನು ತೋರಿಸಲು ಟೀಚರನ್ನು ಕರೆದುಕೊಂಡು ಬಂದಳು.

ಆಮೇಲೆ ಮನೆಯಲ್ಲೂ ಶುರುವಾಯಿತು. ‘ಕ್ರಾಫ್ಟ್ ಮಿಸ್ ಯೋಳಿದ್ರು’ ಅನ್ನದೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಬೀದಿಯ ಬೇವಿನ ಮರ, ಚರಂಡಿಯ ಪಕ್ಕದ ಗರಿಕೆ, ಎಲ್ಲಕ್ಕೂ ಮಿಸ್ ಹೇಳಿದ ಒಂದು ಮಾತು. ಯಾವ ತೊಗಟೆ ಬೇಯಿಸಿದರೆ ಯಾವ ಬಣ್ಣ ಬರುತ್ತದೆ ಅಂತ ನನಗೆ, ಬಾಟನಿಯ ಎಂ.ಎಸ್ಸಿ.ಗೆ, ಪಾಠ! ಕನ್ನಡವೆಲ್ಲ ಅವರದೇ. ಓಗ್ತೀನಿ, ಬತ್ತೀನಿ, ಬ್ಯಾಡ. ಮಗಳು ಕೊನೆಗೂ ಕನ್ನಡ ಮಾತಾಡುತ್ತಿದ್ದಾಳೆ ಅಂತ ನನ್ನ ಗಂಡ ಖುಷಿಪಟ್ಟರು. ನಾನು ಹೆತ್ತ ಮಗಳಿಗೆ ಬೇರೆ ಯಾರೋ ಬಾಯಿ ಕೊಟ್ಟ ಹಾಗೆ ನನಗೆ ಅನ್ನಿಸುತ್ತಿತ್ತು. ಒಂದೊಂದು ಮಾತಿಗೂ ಮೈ ಉರಿಯುತ್ತಿತ್ತು.

ಮೂರನೆಯದು ತೊಪ್ಪೂರು ಘಾಟಿ. ಲಾರಿಗಳು ಏದುಸಿರು ಬಿಡುತ್ತಾ ಹತ್ತುವ ಹೈವೇಯಿಂದ ಸ್ವಲ್ಪ ಒಳಗೆ ಹೋದರೆ ಕುರುಚಲು ಕಾಡು, ಕಾರೆ, ಎಲಚಿ, ಜಾಲಿ. ಆ ದಿನ ಟೀಚರ್ ನನಗೂ ಒಂದು ನೂಲು ಕೊಟ್ಟರು. ಅರಕ್ಕು ಬಣ್ಣ, ಅಂದರೆ ಮರೂನ್. ಮಗಳ ಕೈಯಲ್ಲೂ ಅದೇ ಬಣ್ಣ. ಮಿಕ್ಕವರದೆಲ್ಲ ಹಸಿರು, ನೀಲಿ, ಹಳದಿ. ನಮ್ಮಿಬ್ಬರದು ಮಾತ್ರ ಅರಕ್ಕು.

‘ತಾಯಿ ಮಗಳಿಗೆ ಅಂತ ಒಂದೇ ಸೀರೆದು ತೆಗೆದಿಟ್ಟಿದ್ದೆ ಮೇಡಂ’ ಅಂದರು.

ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಈಗ ಗೊತ್ತಾಗುತ್ತದೆ. ಆಗ, ನನ್ನ ಮಗಳನ್ನು ನನಗೇ ದಾನ ಕೊಡುತ್ತಿದ್ದಾಳಲ್ಲ ಇವಳು ಅನ್ನಿಸಿತು. ನೂಲನ್ನು ದುಂಡಗೆ ಇಟ್ಟು ಕೂತೆ. ಅದರೊಳಗೆ ಏನಿತ್ತೋ ದೇವರಿಗೇ ಗೊತ್ತು, ನನ್ನ ಕಣ್ಣೆಲ್ಲ ಆಚೆ ಬಂಡೆಯ ಮೇಲೆ. ಅಲ್ಲಿ ಮಗಳು ಟೀಚರ ಪಕ್ಕ ಕೂತು, ನಾನು ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ಪುಳಿಯೋಗರೆಯ ಡಬ್ಬಿಯನ್ನು ಅವರಿಗೆ ಕೊಟ್ಟು, ಅವರ ಡಬ್ಬಿಯ ರಾಗಿ ಮುದ್ದೆ ತಿನ್ನುತ್ತಿದ್ದಳು. ಮನೆಯಲ್ಲಿ ಮುದ್ದೆ ಕಂಡರೆ ವಾಕರಿಸುವವಳು. ತಿಂದು ಮುಗಿಸಿ ತನ್ನ ಕರ್ಚೀಫಿನಿಂದ ಟೀಚರ ಹಣೆಯ ಬೆವರು ಒರೆಸಿದಳು... ಅಷ್ಟು ಸಹಜವಾಗಿ, ದಿನಾ ಮಾಡುವ ಕೆಲಸದ ಹಾಗೆ.

ನಾನು ನನ್ನ ನೂಲನ್ನು ಮುದ್ದೆ ಮಾಡಿ ಹಿಂದಿದ್ದ ಜಾಲಿಯ ಪೊದೆಗೆ ಎಸೆದೆ. ಯಾರೂ ನೋಡಲಿಲ್ಲ. ಚೀಲ ಹಿಡಿದು ಟೀಚರ್ ಬಂದಾಗ ಖಾಲಿ ಕೈಯನ್ನು ಚೀಲದೊಳಗೆ ಹಾಕಿ ತೆಗೆದೆ.

ಆ ಸಾಯಂಕಾಲ ಯೂನಿಫಾರ್ಮ್ ನೆನೆಹಾಕುವಾಗ ಮಗಳ ಜೇಬಿನಲ್ಲಿ ಅವಳ ನೂಲು ಸಿಕ್ಕಿತು. ಹಿಂದಿರುಗಿಸದೆ ತನಗೇ ಅಂತ ಇಟ್ಟುಕೊಂಡಿದ್ದಳು, ಎಂಟರ ಆಕಾರಕ್ಕೆ ನೀಟಾಗಿ ಸುತ್ತಿ. ಅದನ್ನು ತರಕಾರಿ ಸಿಪ್ಪೆಯ ಬುಟ್ಟಿಗೆ ಹಾಕಿದೆ. ಮಾರನೆಯ ಬೆಳಿಗ್ಗೆ ಕಾರ್ಪೊರೇಷನ್ ಗಾಡಿ ಒಯ್ದಿತು. ಮಗಳು ಮನೆಯೆಲ್ಲ ಹುಡುಕಿದಳು. ಹಾಸಿಗೆ ಕೊಡವಿದಳು, ಬ್ಯಾಗು ಬುಡಮೇಲು ಮಾಡಿದಳು. ಏನು ಹುಡುಕುತ್ತೀಯ ಅಂದೆ. ಹೇಳಿದಳು. ಕಾಡಲ್ಲೇ ಎಲ್ಲೋ ಬಿದ್ದುಹೋಗಿರಬೇಕು ಬಿಡು ಅಂದೆ.

ಎರಡು ತಿಂಗಳ ಮೇಲೆ ಅದೇ ಜಾಗಕ್ಕೆ ಮತ್ತೆ ಹೋದೆವು, ಒಣಗಿದ ಕಾಡು ಹೇಗೆ ಚಿಗುರುತ್ತದೆ ಅಂತ ಮಕ್ಕಳು ನೋಡಲಿ ಅಂತ. ಮೊದಲು ಕಂಡದ್ದು ಆರನೇ ಕ್ಲಾಸಿನ ಹುಡುಗಿಗೆ. ಅವಳು ಕಿರುಚಿದ್ದಕ್ಕೆ ಎಲ್ಲರೂ ಓಡಿದೆವು. ಜಾಲಿಯ ಕೊಂಬೆಯಲ್ಲಿ ಒಂದು ಪಿಕಳಾರ ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಗೂಡಿಗೆ ಅಂತ ನೂಲು ಎತ್ತಿಕೊಂಡು ಹೋಗುವಾಗ ಕಾಲಿಗೆ ಸುತ್ತಿಕೊಂಡು, ಮುಳ್ಳಿಗೆ ಸಿಕ್ಕಿ, ಬಿಡಿಸಿಕೊಳ್ಳಲಾರದೆ ಸತ್ತಿತ್ತು. ಒಣಗಿಹೋಗಿತ್ತು. ನೂಲು ಮಾತ್ರ ಹೊಸದರ ಹಾಗೇ ಇತ್ತು, ರೇಷ್ಮೆ ಅಲ್ಲವೇ. ಅರಕ್ಕು ಬಣ್ಣ.

ಆ ಬಣ್ಣದ್ದು ಎರಡೇ ನೂಲು. ಮಗಳದು ನಮ್ಮ ಮನೆಯ ಕಸದ ಜೊತೆ ಹೋಗಿತ್ತು. ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಟೀಚರ್ ನೂಲನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು. ಕೊನೆಗೆ ನನ್ನನ್ನು. ಮುಳ್ಳಿಗೆ ಕೈ ಹಾಕಿ, ಎಳೆ ಎಳೆಯಾಗಿ ಬಿಡಿಸಿ, ಹಕ್ಕಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಮುಂಗೈ ತುಂಬ ರಕ್ತ.

ವಾರದೊಳಗೆ ಯಾವುದೋ ಮಗುವಿನ ಮನೆಯವರು ಶಾಲೆಗೆ ಬಂದು ಜಗಳ ಮಾಡಿದರು. ಕಾಡು ಉಳಿಸುವ ಪಾಠ ಅಂತ ಕರೆದುಕೊಂಡು ಹೋಗಿ ಹಕ್ಕಿ ಕೊಲ್ಲುವುದನ್ನು ತೋರಿಸುತ್ತೀರಾ ಅಂತ. ಹೆಡ್‌ಮಿಸ್ಟ್ರೆಸ್ ನಮ್ಮಿಬ್ಬರನ್ನೂ ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ, ತೆರೆಯುತ್ತಿದ್ದೆನೋ ಇಲ್ಲವೋ, ಟೀಚರ್ ತಮಿಳಿನಲ್ಲಿ ಹೇಳಿದರು: ತಪ್ಪು ನನ್ನದೇ, ನಾನು ಎಣಿಸಿಕೊಳ್ಳಲಿಲ್ಲ, ಎಣಿಸಿಕೊಳ್ಳಿ ಅಂತ ಮೇಡಂ ಮೊದಲೇ ಹೇಳಿದ್ದರು. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಿದರು. ನಾನು ಹೌದು ಅಂತ ತಲೆ ಆಡಿಸಿದೆ. ಅವರು ಅಂದದ್ದು ನಿಜವೇ ತಾನೇ, ಎಣಿಸಿಕೊಳ್ಳಿ ಅಂತ ಹೇಳಿದ್ದೆನಲ್ಲ.

ಇನ್ನು ಮೇಲೆ ಕ್ರಾಫ್ಟ್ ಟೀಚರ್ ಟ್ರಿಪ್ಪಿಗೆ ಹೋಗಕೂಡದು ಅಂತಾಯಿತು. ಆ ವರ್ಷ ಮುಗಿಯುತ್ತಲೇ ಅವರು ಕೆಲಸವನ್ನೇ ಬಿಟ್ಟರು. ಅಣ್ಣ ಮಗ್ಗ ಎತ್ತಿಕೊಂಡು ಇಳಂಪಿಳ್ಳೈಗೆ ಹೋಗುತ್ತಾನೆ, ಅವನ ಜೊತೆ ಹೋಗುತ್ತೇನೆ ಅಂದರು. ಕೊನೆಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೈ ಮುಗಿದು ನನ್ನ ಹತ್ತಿರ ಬಂದು, ‘ಮಗೀನ ಚೆಂದಾಗಿ ನೋಡ್ಕೊಳಿ ಮೇಡಂ’ ಅಂದರು. ನನ್ನ ಮಗಳನ್ನು ನೋಡಿಕೊಳ್ಳಲು ನನಗೆ ಹೇಳಲು ಇವರು ಯಾರು ಅಂತ ಆಗಲೂ ಸಿಟ್ಟು ಬಂತು ನನಗೆ. ಎಂಥವಳಿರಬೇಕು ನಾನು...

ಟ್ರಿಪ್ಪುಗಳು ನಡೆದವು. ವಿಸಿಲ್ಲು, ಶೀಟು, ಟಿಕ್ಕು. ಮಗಳು ಮಾತ್ರ ಮತ್ತೆ ಒಂದಕ್ಕೂ ಬರಲಿಲ್ಲ. ಹೊಟ್ಟೆನೋವು ಅನ್ನುವಳು, ಪರೀಕ್ಷೆ ಅನ್ನುವಳು. ಮನೆಯಲ್ಲಿ ಮತ್ತೆ ತಮಿಳು. ‘ಐತೆ’ ಹೋಯಿತು, ಅದರ ಜಾಗಕ್ಕೆ ‘ಇದೆ’ಯೂ ಬರಲಿಲ್ಲ. ಟೀಚರ್ ಹೋದರು ಅಂತ ಮುನಿಸು, ತಾನಾಗಿಯೇ ಸರಿಹೋಗುತ್ತದೆ ಅಂದುಕೊಂಡೆ. ಊರಲ್ಲೇ ಇಲ್ಲದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎದುರಿಗೆ ಇದ್ದವರ ಮೇಲೆ ಪಡುವುದಕ್ಕಿಂತ ಕಷ್ಟದ ಕೆಲಸ. ಬೈಯಲು ಒಂದು ನೆಪವೂ ಸಿಗುವುದಿಲ್ಲ.

ಈಗ ಅವಳು ಧರ್ಮಪುರಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟು. ನಾನು ರಿಟೈರ್ ಆಗಿದ್ದೇನೆ. ಗಂಜಿಯ ವಾಸನೆ ಬಂದ ಮೂರನೆಯ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಫೋನ್ ಮಾಡಿ ಹೇಳಿದಳು, ಕ್ರಾಫ್ಟ್ ಮಿಸ್ ತೀರಿಹೋದರು, ಮಧ್ಯಾಹ್ನದ ಮೇಲೆ ಎತ್ತುತ್ತಾರಂತೆ ಅಂತ. ನಾನು ಮಗಳಿಗೆ ತಿಳಿಸಿದೆ. ಹತ್ತೂವರೆಗೆಲ್ಲ ಅವಳು ಬಸ್ಸು ಹಿಡಿದು ಮನೆಗೆ ಬಂದಳು, ಮುಖ ತೊಳೆದು ಬಟ್ಟೆ ಬದಲಿಸಿಕೊಂಡು ಹೊರಡಲು. ಕಣ್ಣು ಕೆಂಪಾಗಿತ್ತು. ಕಾಫಿ ಕೊಟ್ಟೆ. ಲೋಟ ಅವಳ ಕೈ ಸೇರುವಷ್ಟರಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷ ಹಿಡಿದಿಟ್ಟದ್ದು ಅಷ್ಟು ಸುಲಭಕ್ಕೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಹಕ್ಕಿಯ ಕಾಲಿನ ನೂಲು ನನ್ನದು, ನಾನೇ ಪೊದೆಗೆ ಎಸೆದದ್ದು, ನಿನ್ನದನ್ನು ಕಸಕ್ಕೆ ಹಾಕಿದವಳೂ ನಾನೇ ಅಂದೆ.

ಅವಳು ಲೋಟವನ್ನು ಕೆಳಗೆ ಇಟ್ಟಳು. ಆಮೇಲೆ ತಮಿಳಿನಲ್ಲಿ, ನಿಧಾನವಾಗಿ, ಪೇಷೆಂಟಿಗೆ ಹೇಳುವ ಹಾಗೆ ಹೇಳಿದಳು. ಅದು ತನ್ನದೇ ನೂಲು ಅಂತ ಅವಳು ಆವತ್ತಿನವರೆಗೂ ನಂಬಿದ್ದಳು. ಕಾಡಲ್ಲೇ ಬಿದ್ದಿರಬೇಕು ಅಂತ ನಾನೇ ಹೇಳಿದ್ದೆನಲ್ಲ. ಹಕ್ಕಿ ಸಿಕ್ಕ ಮಾರನೆಯ ದಿನವೇ ಕ್ರಾಫ್ಟ್ ರೂಮಿಗೆ ಹೋಗಿ ಅತ್ತುಕೊಂಡು ಟೀಚರಿಗೆ ಒಪ್ಪಿಸಿದ್ದಳು. ‘ನಿಂದು ನನ್ ಚೀಲದಾಗೇ ಐತೆ ಲೇ, ಯಾರ್ತಾವೂ ಯೋಳ್‌ಬ್ಯಾಡ’ ಅಂದಿದ್ದರಂತೆ. ಚೀಲಕ್ಕೆ ಹಾಕಿಯೇ ಇಲ್ಲ ಅಂತ ಇವಳಿಗೆ ಗೊತ್ತಿತ್ತಲ್ಲ. ತನ್ನನ್ನು ಉಳಿಸಲು ಟೀಚರ್ ಸುಳ್ಳು ಹೇಳಿದರು, ತನ್ನಿಂದಲೇ ಕೆಲಸ ಬಿಟ್ಟರು ಅಂತ ಹನ್ನೆರಡು ವರ್ಷದ ಹುಡುಗಿ ತಿಳಿದುಕೊಂಡಳು. ದೊಡ್ಡವಳಾಗಿ ಕಾಲೇಜು ಸೇರಿದ ಮೇಲೆ ಪ್ರತಿ ವರ್ಷ ಪೊಂಗಲ್ ಹೊತ್ತಿಗೆ ಇಳಂಪಿಳ್ಳೈಗೆ ಹೋಗಿ ಅವರನ್ನು ನೋಡಿ ಬರುತ್ತಿದ್ದಳಂತೆ. ಕ್ಷಮಿಸಿ ಅಂದಾಗಲೆಲ್ಲ ಅವರು ನಕ್ಕು, ಊಟಕ್ಕೆ ಏಳು ಅನ್ನುತ್ತಿದ್ದರಂತೆ.

ನನಗೆ ಅಷ್ಟರಲ್ಲೇ ಸಾಕಾಗಬೇಕಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. ಅಲ್ಲಿ ಅವರ ಜೊತೆ ಏನು ಮಾತಾಡುತ್ತಿದ್ದೆ ಅಂತ ಕೇಳಿದೆ. ಅವಳಿಗೆ ನನ್ನ ಪ್ರಶ್ನೆ ಅರ್ಥವಾಯಿತು. ‘ಕನ್ನಡತ್ತುಲ ತಾನ್ ಅಮ್ಮಾ’ ಅಂದಳು. ಕನ್ನಡದಲ್ಲೇ.

ಎದ್ದು ಬ್ಯಾಗು ತೆಗೆದುಕೊಂಡಳು. ನಾನೂ ಬರಲಾ ಅಂದೆ. ‘ವೇಂಡಾಂಮ್ಮಾ’ ಅಂದಳು. ಸಿಟ್ಟಿರಲಿಲ್ಲ, ಬೇಡ ಅಷ್ಟೇ. ಗೇಟಿನವರೆಗೂ ಹೋಗಿ ಅವಳು ಬೀದಿ ತಿರುಗುವವರೆಗೂ ನೋಡಿದೆ.

ಒಳಗೆ ಬಂದು ಆರಿದ ಕಾಫಿ ಚೆಲ್ಲಿದೆ. ಆ ಹಕ್ಕಿಯನ್ನು, ಮುಳ್ಳಿನಲ್ಲಿ ಕೈ ಹರಿದುಕೊಂಡ ಆ ಹೆಂಗಸನ್ನು, ಯಾರಿಗೂ ಹೇಳಲಾಗದೆ ಕೊರಗಿದ ನನ್ನ ಮಗುವನ್ನು ನೆನೆದು ನಾನು ಅಳಬೇಕಿತ್ತು. ಅತ್ತೆ, ಇಲ್ಲ ಅನ್ನುವುದಿಲ್ಲ, ಆದರೆ ಅದು ಆಮೇಲೆ. ಮೊದಲು ಬಂದ ಯೋಚನೆ ಬೇರೆ. ಇಳಂಪಿಳ್ಳೈಯ ಆ ಮನೆಯಲ್ಲಿ, ಟೀಚರ ಕಾಲುಗಳ ಹತ್ತಿರ ಕೂತು, ನನ್ನ ಮಗಳು ಈಗ ಯಾವ ಭಾಷೆಯಲ್ಲಿ ಅಳುತ್ತಿರುತ್ತಾಳೆ ಅಂತ ನನಗೆ ಗೊತ್ತಿತ್ತು. ನಾನು ಸತ್ತ ದಿನ ಅವಳು ತಮಿಳಿನಲ್ಲಿ ಅಳುತ್ತಾಳೆ.